ಬೆಳ್ಳಗೆ ಕಂಡಿದ್ದೆಲ್ಲ ಬಿಳುಚಿದ್ದಲ್ಲ

ಸಮುದ್ರಕ್ಕಿಳಿದು ಹವಳ ಬಿಳುಚಿದೆಯೋ ಇಲ್ಲವೋ ಅಂತ ನೋಡುವುದರಲ್ಲಿ ಏನು ಮಹಾ ಅಂದುಕೊಂಡಿದ್ದೆ. ಬಣ್ಣ ಇದ್ದರೆ ಚೆನ್ನಾಗಿದೆ, ಬೆಳ್ಳಗಿದ್ದರೆ ಬಿಳುಚಿದೆ, ಅಷ್ಟೇ ಅಲ್ವಾ? ಮೊದಲ ಸಮೀಕ್ಷೆಯಲ್ಲಿ ಹಾಗೇ ಬರೆದುಕೊಂಡು ಮೇಲೆ ಬಂದೆ. ಜೊತೆಗಿದ್ದ ಹಿರಿಯರು ಸ್ಲೇಟು ನೋಡಿ, "ಇದರಲ್ಲಿ ತುದಿ ನೋಡಿ ಬರೆದಿದ್ದು ಎಷ್ಟು?" ಅಂದರು. ಕವಲು ಹವಳದ ತುದಿ ಬೆಳೆಯುತ್ತಿರುವ ಜಾಗ. ಅಲ್ಲಿ ಪಾಚಿ ಕಡಿಮೆ. ಗಟ್ಟಿಮುಟ್ಟಾಗಿದ್ದಾಗಲೂ ಅದು ಬೆಳ್ಳಗೇ ಇರುತ್ತದೆ. ನನ್ನ ಅರ್ಧ ಲೆಕ್ಕ ಅಲ್ಲೇ ಹೋಯಿತು.

ಹವಳಕ್ಕೆ ಬಣ್ಣ ಕೊಡುವುದು, ಊಟದ ದೊಡ್ಡ ಪಾಲು ಒದಗಿಸುವುದು, ಎರಡೂ ಅದರ ಮೈಯೊಳಗಿನ ಈ ಪಾಚಿಯೇ. ಬೇಸಿಗೆಯ ವಾಡಿಕೆ ಬಿಸಿಗಿಂತ 1 ಡಿಗ್ರಿ ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಬಿಳುಚುವುದು ಅಂದರೆ ಇದೇ. ಉಪಗ್ರಹದ ಅಂಕಿಗಳಿಂದ 12 ವಾರಗಳ ಇಂಥ ಬಿಸಿಯನ್ನು ಕೂಡಿಸಿ 'ಡಿಗ್ರಿ ಹೀಟಿಂಗ್ ವೀಕ್' ಲೆಕ್ಕ ಹಾಕುತ್ತಾರೆ. ಅದು 4ಕ್ಕೆ ಬಂತೆಂದರೆ ಹವಳ ಬಿಳುಚಬಹುದು ಅಂತ ನಾನು ನೀರಿಗಿಳಿಯಲು ಗಾಳಿಯ ಸಿಲಿಂಡರ್ ತುಂಬಿಸಿಡುತ್ತೇನೆ. 8 ಮುಟ್ಟಿದರೆ ಹವಳ ಸಾಯುವುದೂ ಶುರುವಾಗಬಹುದು. ಆದರೆ ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಪದರ ಮಾತ್ರ. ಅದಕ್ಕೇ ಹವಳದ ಪಕ್ಕದಲ್ಲೇ ತಾಪಮಾನವನ್ನು ತಾನೇ ದಾಖಲಿಸುವ ಒಂದು ಲಾಗರ್ ಕಟ್ಟಿಟ್ಟಿದ್ದೇನೆ.

ಈಗ ನಾನು ಕಂಡಕಂಡದ್ದನ್ನು ನೋಡುವುದಿಲ್ಲ. 20 ಹವಳಗಳ ಪಕ್ಕ ನಂಬರ್ ಬಿಲ್ಲೆ ಹಾಕಿದ್ದೇನೆ. ಪ್ರತಿ ಸಲ ಅವನ್ನೇ ನೋಡುವುದು. ಕೈಯಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್‌ನವರ ಬಣ್ಣದ ಕಾರ್ಡ್. ಅದರಲ್ಲಿ 1 ಅಂದರೆ ತೀರಾ ಬಿಳಿ, 6 ಅಂದರೆ ಗಾಢ. ತುದಿ ಬಿಟ್ಟು, ಹವಳದ ಅತಿ ತಿಳಿಯಾದ ಜಾಗ ಮತ್ತು ಅತಿ ಗಾಢವಾದ ಜಾಗ, ಎರಡಕ್ಕೂ ಕಾರ್ಡ್ ಹಿಡಿದು ನಂಬರ್ ಬರೆದುಕೊಳ್ಳುತ್ತೇನೆ. ಹೋದ ಸಲಕ್ಕಿಂತ 2 ಮನೆ ಇಳಿದಿದ್ದರೆ ಎದೆ ಧಸಕ್ಕೆನ್ನುತ್ತದೆ.

ಫೋಟೋ ಸಾಲದೇ ಅಂತ ಕೇಳುವವರಿದ್ದಾರೆ. ಆಳಕ್ಕೆ ಹೋದಂತೆ ನೀರು ಕೆಂಪು ಬಣ್ಣವನ್ನು ನುಂಗಿಬಿಡುತ್ತದೆ, ಫೋಟೋದಲ್ಲಿ ಎಲ್ಲವೂ ನೀಲಿ. ಕಾರ್ಡ್ ಹವಳದ ಪಕ್ಕದಲ್ಲೇ ಇರುತ್ತದಲ್ಲ, ನೀರು ಎರಡಕ್ಕೂ ಒಂದೇ ಥರ ಮೋಸ ಮಾಡುತ್ತದೆ. ಹೋಲಿಕೆ ಕೆಡುವುದಿಲ್ಲ. (ಪೆನ್ಸಿಲ್‌ಗೆ ದಾರ ಕಟ್ಟಿ. ನಾನು ಕಳೆದುಕೊಂಡಿದ್ದಕ್ಕೆ ಲೆಕ್ಕವಿಲ್ಲ.)

ಏಳನೇ ನಂಬರಿನದು ಬಂಡೆಯಂಥ ದುಂಡು ಹವಳ. ಮೊದಲು 4 ಇತ್ತು, ಆಮೇಲೆ 2, ಆಮೇಲೆ 1. ಸತ್ತೇ ಹೋಯಿತು ಅಂದುಕೊಂಡು ಮುಖ ಹತ್ತಿರ ತಂದೆ. ಬೆಳ್ಳನೆ ಸುಣ್ಣದ ಮೇಲೆ ಗಾಜಿನಂಥ ತೆಳು ಮಾಂಸ ಇನ್ನೂ ಇತ್ತು. ಅಂದರೆ ಜೀವ ಇದೆ. ಪಕ್ಕದ ಕವಲು ಹವಳದ ಮೇಲೆ ಆಗಲೇ ಹೊರಗಿನಿಂದ ಬಂದ ಕಂದು ನಾರುಪಾಚಿ ಹಬ್ಬಿತ್ತು. ಅದಕ್ಕೆ 'ಸತ್ತಿದೆ' ಅಂತ ಬರೆದೆ. ನೀರು ತಣ್ಣಗಾದ ಮೇಲೆ ಮತ್ತೆ ಇಳಿದಾಗ ಏಳನೆಯದಕ್ಕೆ ಕಾರ್ಡ್ ಹಿಡಿದೆ. 2 ಇತ್ತು. ಅನುಮಾನ ಬಂದು ಇನ್ನೊಂದು ಸಲ ಹಿಡಿದೆ. 2.