ಪ್ರಸ್ತಾವನೆ ಬರೆಯುವ ಮುನ್ನ ಕೋಣೆ ನೋಡುತ್ತೇನೆ

ನೆಲಮಹಡಿಯ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ನಾನೂ ಭೌತವಿಜ್ಞಾನದ ಪ್ರಾಧ್ಯಾಪಕಿಯೂ ಮಾತಿಲ್ಲದೆ ನಿಂತಿದ್ದೆವು. ಗೋಡೆಯಾಚೆ ಲಿಫ್ಟ್ ಮೇಲೇರಿತು. ನೀರಿನ ಮೇಲೆ ತೆಳುವಾದ ಉಂಗುರಗಳು ಎದ್ದು ಅಂಚು ಮುಟ್ಟಿ ಅಡಗಿದವು. ಅಲ್ಲಿ ಇಡಬೇಕೆಂದಿದ್ದ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನ್ಯಾನೋಮೀಟರ್ ಅಳತೆಯ ವಿವರ ತೋರಿಸುವ ಯಂತ್ರ. ಕಣ್ಣಿಗೆ ಕಾಣುವಷ್ಟು ನಡುಕವಿರುವ ಜಾಗದಲ್ಲಿ ಅದರ ಚಿತ್ರ ಕಲಸಿಹೋಗುತ್ತದೆ. ಸಾಲದ್ದಕ್ಕೆ ಲಿಫ್ಟ್‌ನ ಕಬ್ಬಿಣ ಮೇಲೆ ಕೆಳಗೆ ಓಡಾಡಿದಾಗಲೆಲ್ಲ ಸುತ್ತಲಿನ ಕಾಂತಕ್ಷೇತ್ರವೂ ಅಲುಗುತ್ತದೆ. ‘ಈ ಕೋಣೆ ಬೇಡ, ಹಿಂಬದಿಯ ಹಳೆಯ ಉಗ್ರಾಣ ನೋಡೋಣ ಬನ್ನಿ’ ಎಂದು ಮೇಡಂ ಬೀಗದ ಕೈ ತರಿಸಿದರು. ಅಂದಿಗೆ ಅನುದಾನ ಕೇಳುವ ಪ್ರಸ್ತಾವನೆಯ ಒಂದು ಸಾಲನ್ನೂ ನಾವು ಬರೆದಿರಲಿಲ್ಲ.

ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿಭಾಗದಲ್ಲಿ 13 ವರ್ಷಗಳಿಂದ ನನಗಿರುವ ಕೆಲಸ ಇದು: ಪ್ರಯೋಗಾಲಯಗಳಿಗೆ ಬೇಕಾದ ದೊಡ್ಡ ಉಪಕರಣಗಳಿಗೆ ಕೇಂದ್ರ ಸರ್ಕಾರದ ಅನುದಾನ ತರುವುದು, ಬಂದ ಹಣಕ್ಕೆ ಕೊನೆಯ ರೂಪಾಯಿಯವರೆಗೆ ಲೆಕ್ಕ ಒಪ್ಪಿಸುವುದು. ಲೆಕ್ಕಪತ್ರ ಶಾಖೆಯಿಂದ ಬಂದವನಾದ್ದರಿಂದ ನಿಯಮ, ನಮೂನೆಗಳು ಬೇಗ ಕೈಗೆ ಹತ್ತಿದವು. ಕೋಣೆಯ ಪಾಠ ಮಾತ್ರ ಪೆಟ್ಟು ತಿಂದ ಮೇಲೆ ಬಂತು.

ನಾನು ಸಿದ್ಧಪಡಿಸಿದ ಮೊದಲ ದೊಡ್ಡ ಪ್ರಸ್ತಾವನೆ, ಅಣುಗಳ ರಚನೆ ತಿಳಿಸುವ 400 ಮೆಗಾಹರ್ಟ್ಸ್‌ನ ಎನ್‌ಎಂಆರ್ ಸ್ಪೆಕ್ಟ್ರೋಮೀಟರ್‌ಗಾಗಿ. ಮಂಜೂರಾತಿ ಬಂದಾಗ ಇಡೀ ವಿಭಾಗ ಸಂಭ್ರಮಪಟ್ಟಿತು. ಆ ಯಂತ್ರದೊಳಗಿನ ಅತಿವಾಹಕ (ಕಡು ಚಳಿಯಲ್ಲಿ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ) ಕಾಂತವನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಗಲಿರುಳೂ ಕಾಪಾಡಬೇಕು. ಸುತ್ತಲಿನ ದ್ರವ ನೈಟ್ರೋಜನ್ ಅನ್ನು ವಾರಕ್ಕೋ ಹತ್ತು ದಿನಕ್ಕೋ ತುಂಬಬೇಕು, ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ. ಯಂತ್ರವನ್ನು ಬಳಸಲಿ ಬಿಡಲಿ, ಈ ಖರ್ಚು ನಿಲ್ಲುವುದಿಲ್ಲ. ಭಾರತಕ್ಕೆ ಹೀಲಿಯಂ ಬರುವುದೇ ಬಹುಪಾಲು ಹೊರದೇಶಗಳಿಂದ. ಇದನ್ನೆಲ್ಲ ನಾನು ‘ಇತರೆ ವೆಚ್ಚ’ ಎಂಬ ಒಂದು ಸಾಲಿನೊಳಗೆ ತುರುಕಿದ್ದೆ. ನಾಲ್ಕನೆಯ ವರ್ಷ ಆ ಸಾಲಿನ ಹಣ ಮುಗಿಯಿತು. ಸಂಸ್ಥೆಯ ಆಯವ್ಯಯದಲ್ಲಿ ಹೀಲಿಯಂಗೆ ಜಾಗವೇ ಇರಲಿಲ್ಲ. ಕಾಂತದ ಶಕ್ತಿ ಇಳಿಸಿ ಯಂತ್ರವನ್ನು ಬೆಚ್ಚಗಾಗಲು ಬಿಟ್ಟೆವು.

ಆ ವಾರ ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿನಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ತನ್ನ ಮಾದರಿಗಳನ್ನು ಇಟ್ಟುಕೊಂಡು ಬೇರೆ ಊರಿನ ಸಂಸ್ಥೆಗೆ ರಾತ್ರಿ ಬಸ್ಸಿನಲ್ಲಿ ಹೊರಟಳು. ಮುಚ್ಚಳದ ಸುತ್ತ ಕಂದು ಬಣ್ಣದ ಅಂಟುಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ ‘ಮೇಲ್ಭಾಗ’ ಎಂದು ಬರೆದ ಅಕ್ಷರ. ಪಕ್ಕದ ಕೊಠಡಿಯಲ್ಲೇ ಕೋಟಿ ದಾಟಿದ ಯಂತ್ರವಿತ್ತು. ಆ ಪೆಟ್ಟಿಗೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆಮೇಲಿಂದ ನಾನು ಮೊದಲು ಕೋಣೆ ನೋಡುತ್ತೇನೆ, ಎರಡನೆಯದಾಗಿ ಆಪರೇಟರ್ ಯಾರೆಂದು ಕೇಳುತ್ತೇನೆ. ಯಂತ್ರದ ಹೆಸರು ಇವೆರಡರ ನಂತರ. ನೆಲ ಎಷ್ಟು ಭಾರ ತಾಳುತ್ತದೆ, ವಿದ್ಯುತ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ, ಪ್ರತ್ಯೇಕ ಅರ್ಥಿಂಗ್ ಇದೆಯೇ, ಹೀಲಿಯಂ ಒಮ್ಮೆಲೇ ಆವಿಯಾದರೆ ಹೊರಹೋಗಲು ಕೊಳವೆ ಎಲ್ಲಿ, ಯಂತ್ರದ ಪೆಟ್ಟಿಗೆ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂಬುದೆಲ್ಲ ನನ್ನ ಟಿಪ್ಪಣಿ ಪುಸ್ತಕ ಸೇರುತ್ತದೆ. ಬಾಗಿಲ ಅಗಲವನ್ನು ಟೇಪು ಹಿಡಿದು ನಾನೇ ಅಳೆಯುತ್ತೇನೆ. ಆಪರೇಟರ್ ಹುದ್ದೆಯ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತೇನೆ. ಅನುದಾನದ ಅವಧಿ ಮುಗಿದ ಮೇಲೆ ಅವರ ಸಂಬಳ ಯಾವ ಲೆಕ್ಕದಿಂದ ಎಂದು ಕುಲಸಚಿವರ ಸಹಿಯ ಪತ್ರ ಸಿಗುವವರೆಗೆ ಪ್ರಸ್ತಾವನೆಯನ್ನು ಮುಂದಕ್ಕೆ ಕಳುಹಿಸುವುದಿಲ್ಲ. ಇದಕ್ಕಾಗಿ ಜಗಳಗಳಾಗಿವೆ. ‘ಮೊದಲು ಯಂತ್ರ ಬರಲಿ, ಉಳಿದದ್ದು ಆಮೇಲೆ ನೋಡೋಣ’ ಎನ್ನುವ ಹಿರಿಯರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ.

ಅನುದಾನ ಯೋಜನೆಗಳ ಆಯ್ಕೆಯಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಲ್ಲ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಫಿಸ್ಟ್’ 2000ದಲ್ಲಿ ಆರಂಭವಾದದ್ದು, ಮುಖ್ಯವಾಗಿ ವಿಭಾಗಗಳ ಮೂಲಸೌಕರ್ಯಕ್ಕೆ. 2009ರಲ್ಲಿ ಬಂದ ‘ಪರ್ಸ್’ ಇಡೀ ವಿಶ್ವವಿದ್ಯಾಲಯದ ಸಂಶೋಧನಾ ಸಾಧನೆಯನ್ನು ನೋಡುತ್ತದೆ. ‘ಸಾಥಿ’ ಹಲವರು ಹಂಚಿಕೊಳ್ಳುವ ದೊಡ್ಡ ಕೇಂದ್ರಗಳಿಗೆ. ಜೀವವಿಜ್ಞಾನದವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ‘ಬಿಲ್ಡರ್’ ಇದೆ. ಯಾವುದಕ್ಕೆ ಬರೆದರೂ ಅದಕ್ಕೆ ಮುನ್ನ ಐ-ಸ್ಟೆಮ್ ಜಾಲತಾಣ ತೆರೆದು, ಇದೇ ಯಂತ್ರ ಹತ್ತಿರದ ಸಂಸ್ಥೆಯಲ್ಲಿ ಇದೆಯೇ ಎಂದು ಹುಡುಕುತ್ತೇನೆ. ಸಾರ್ವಜನಿಕ ಹಣದಲ್ಲಿ ಕೊಂಡ ಉಪಕರಣಗಳನ್ನು ಎಲ್ಲರೂ ಬಳಸಲೆಂದು 2020ರ ಜನವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಆರಂಭಿಸಿದ ತಾಣ ಅದು. ಒಮ್ಮೆ ಹಾಗೆ ಹುಡುಕಿದಾಗ ನಾವು ಕೇಳಬೇಕೆಂದಿದ್ದ ಎಕ್ಸ್-ರೇ ಉಪಕರಣ ಒಂದೂವರೆ ಗಂಟೆಯ ದಾರಿಯಲ್ಲೇ ಅರ್ಧ ದಿನ ಖಾಲಿ ಕುಳಿತಿತ್ತು. ಪ್ರಸ್ತಾವನೆಯಿಂದ ಅದನ್ನು ತೆಗೆದೆವು. ಆ ಸಂಸ್ಥೆಯೊಡನೆ ಮಾಡಿಕೊಂಡ ಬಳಕೆ ಒಪ್ಪಂದವನ್ನು ಲಗತ್ತಿಸಿ, ಅಲ್ಲಿ ಇಲ್ಲದ ಯಂತ್ರವನ್ನು ಕೇಳಿದೆವು. ತಜ್ಞರ ಸಮಿತಿಯ ಮುಂದೆ ಆ ಒಂದು ಹಾಳೆ ನಮ್ಮ ಪರವಾಗಿ ಚೆನ್ನಾಗಿ ಮಾತನಾಡಿತು.

ಸಮರ್ಥನೆಯ ಭಾಗ ಬರೆಯುವಾಗ ‘ಅತ್ಯಾಧುನಿಕ’, ‘ವಿಶ್ವದರ್ಜೆ’ ಎಂಬ ಪದಗಳನ್ನು ಕಂಡಲ್ಲೆಲ್ಲ ಹೊಡೆದುಹಾಕುತ್ತೇನೆ. ಕಳೆದ ಎರಡು ವರ್ಷಗಳಲ್ಲಿ ಎಷ್ಟು ಮಾದರಿಗಳನ್ನು ಹೊರಗೆ ಕಳುಹಿಸಿದಿರಿ, ಫಲಿತಾಂಶಕ್ಕೆ ಎಷ್ಟು ದಿನ ಕಾದಿರಿ, ದಾರಿಯಲ್ಲಿ ಎಷ್ಟು ಕೆಟ್ಟವು ಎಂದು ಕೇಳುತ್ತೇನೆ. ಭೌತವಿಜ್ಞಾನದ ಮೇಡಂ ಆ ಪ್ರಶ್ನೆಗೆ ಒಂದು ಉದ್ದನೆಯ ರಿಜಿಸ್ಟರ್ ತಂದಿಟ್ಟರು. ವಿದ್ಯಾರ್ಥಿಗಳು ಬರೆದಿಟ್ಟದ್ದು. ದಿನಾಂಕ, ಮಾದರಿಯ ಸಂಖ್ಯೆ, ಕೊರಿಯರ್ ಚೀಟಿ; ಕೊನೆಯ ಅಂಕಣದಲ್ಲಿ ಅಲ್ಲಲ್ಲಿ ‘ತೇವ ಹಿಡಿದಿದೆ, ಮತ್ತೆ ಕಳುಹಿಸಬೇಕು’. ಸಮರ್ಥನೆಯ ಮೊದಲ ಪುಟದಲ್ಲಿ ಆ ರಿಜಿಸ್ಟರಿನ ಕೋಷ್ಟಕವನ್ನೇ ಕೊಟ್ಟೆವು.

ಹಣದ ಲೆಕ್ಕದಲ್ಲಿ ನಾನು ತುಂಬ ಎಚ್ಚರ ಕಲಿತದ್ದು 2022ರಲ್ಲಿ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಅಲ್ಲಿಯವರೆಗೆ ಶೇ. 5ರ ರಿಯಾಯಿತಿ ಜಿಎಸ್‌ಟಿ ಇತ್ತು. ಆ ವರ್ಷ ಜುಲೈ 18ರಿಂದ ರಿಯಾಯಿತಿ ಹೋಗಿ, ನಮ್ಮ ಉಪಕರಣಕ್ಕೆ ಶೇ. 18 ಬಿತ್ತು. ಜನವರಿಯಲ್ಲಿ 74-75 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಅಕ್ಟೋಬರ್ ಹೊತ್ತಿಗೆ 82 ದಾಟಿತು. ಹಳೆಯ ಕೊಟೇಶನ್ ಮೇಲೆ ಮಂಜೂರಾಗಿದ್ದ ಮೊತ್ತ ಅಷ್ಟೇ ಉಳಿದಿತ್ತು. ಒಂದು ಡಿಟೆಕ್ಟರ್ ಕೈಬಿಟ್ಟು ಯಂತ್ರ ಕೊಳ್ಳಬೇಕಾಯಿತು. ಅದನ್ನೇ ನಂಬಿಕೊಂಡಿದ್ದ ಇಬ್ಬರು ಸಂಶೋಧಕರಿಗೆ ಆ ಸುದ್ದಿ ಹೇಳಲು ನಾನೇ ಹೋದೆ. ಈಗ ಯಂತ್ರದ ಬೆಲೆ, ಸಾಗಣೆ, ವಿಮೆ, ಸುಂಕ, ಜಿಎಸ್‌ಟಿ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತೇನೆ. ಕೊಟೇಶನ್ ಯಾವ ದಿನದವರೆಗೆ ಊರ್ಜಿತ, ವಿನಿಮಯ ದರ ಯಾವ ದಿನದ್ದು ಎಂದು ಅಡಿಯಲ್ಲಿ ಬರೆಯುತ್ತೇನೆ. ವ್ಯತ್ಯಾಸ ಬಂದರೆ ಸಂಸ್ಥೆ ಭರಿಸುತ್ತದೆ ಎಂಬ ಒಪ್ಪಿಗೆಯನ್ನು ಮೊದಲೇ ಪಡೆದುಕೊಳ್ಳುತ್ತೇನೆ.

ಕೇಂದ್ರ ಹಣಕಾಸು ಸಚಿವಾಲಯದ 2025ರ ಜೂನ್ ಆದೇಶದ ಬಳಿಕ ಖರೀದಿಯ ದಾರಿ ಕೊಂಚ ಸಲೀಸಾಗಿದೆ. ಸಂಶೋಧನಾ ಉಪಕರಣಗಳನ್ನು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನ ಹೊರಗೆ ಕೊಳ್ಳಲು, 200 ಕೋಟಿ ರೂಪಾಯಿವರೆಗೆ ಜಾಗತಿಕ ಟೆಂಡರ್ ಕರೆಯಲು ಆ ಆದೇಶದ ವ್ಯಾಪ್ತಿಗೆ ಬರುವ ಸಂಸ್ಥೆಗಳ ಕುಲಪತಿ, ನಿರ್ದೇಶಕರೇ ಅನುಮತಿ ಕೊಡಬಹುದು. ತಾಂತ್ರಿಕ ವಿವರಣೆ ಬರೆಯುವ ಎಚ್ಚರ ಮಾತ್ರ ಹಿಂದಿನಷ್ಟೇ ಬೇಕು. ಒಂದೇ ಕಂಪನಿಯ ಕೈಪಿಡಿಯಿಂದ ಎತ್ತಿದ ವಿವರಣೆ ಲೆಕ್ಕಪರಿಶೋಧಕರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅನುದಾನ ಕೊಟ್ಟ ಉದ್ದೇಶಕ್ಕೇ ಖರ್ಚಾಯಿತೆಂದು ಬರೆದುಕೊಡುವ ಬಳಕೆ ಪ್ರಮಾಣಪತ್ರದ ಬಗ್ಗೆ ಹೊಸಬರಿಗೆ ಒಂದು ಮಾತು. 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯನ್ನು ವರ್ಷದ ಕೊನೆಗೆ ತುಂಬಿದರಾಯಿತು ಎಂದುಕೊಳ್ಳಬೇಡಿ. ಬಂಡವಾಳ ಆಸ್ತಿಗೆಂದು ಬಂದ ಹಣವನ್ನೂ ಸಾಮಾನ್ಯ ಶೀರ್ಷಿಕೆಯ ಹಣವನ್ನೂ ಬೆರೆಸುವಂತಿಲ್ಲ. ಮುಂಗಡದ ಮೇಲೆ ಬಂದ ಬಡ್ಡಿ ನಮ್ಮದಲ್ಲ, ಅದು ಭಾರತದ ಸಂಚಿತ ನಿಧಿಗೆ ವಾಪಸಾಗಬೇಕು. ಒಮ್ಮೆ ನಮ್ಮ ಎರಡನೆಯ ಕಂತು ಐದು ತಿಂಗಳು ನಿಂತದ್ದು ಬಡ್ಡಿಯ ಲೆಕ್ಕದಲ್ಲಿದ್ದ 412 ರೂಪಾಯಿ ವ್ಯತ್ಯಾಸಕ್ಕೆ. ಅಂದಿನಿಂದ ಪ್ರತಿ ತಿಂಗಳ ಮೊದಲ ವಾರ ಬ್ಯಾಂಕ್ ವಿವರಪಟ್ಟಿ, ವೋಚರ್‌ಗಳು, ದಾಸ್ತಾನು ವಹಿ ಮೂರನ್ನೂ ಒಟ್ಟಿಗಿಟ್ಟು ತಾಳೆ ನೋಡುತ್ತೇನೆ.

ಉಗ್ರಾಣದ ಕೋಣೆಯಲ್ಲಿ ನೀರು ಅಲುಗಲಿಲ್ಲ. ಕಂಪನಿಯ ಎಂಜಿನಿಯರ್ ತಂದ ಮಾಪಕವೂ ಅದನ್ನೇ ಹೇಳಿತು. ಸೂಕ್ಷ್ಮದರ್ಶಕ ಅಲ್ಲಿ ನಿಂತು ಈಗ ಮೂರನೆಯ ವರ್ಷ. ಬಳಕೆ ಶುಲ್ಕ ಸಂಸ್ಥೆಯ ಸಾಮಾನ್ಯ ಖಾತೆಗೆ ಹೋಗದೆ ಯಂತ್ರದ ನಿರ್ವಹಣೆಗೇ ಉಳಿಯುವಂತೆ ಹಣಕಾಸು ಸಮಿತಿಯಲ್ಲಿ ನಿರ್ಣಯ ಮಾಡಿಸಿದ್ದೆವು. ಈ ವರ್ಷದ ನಿರ್ವಹಣಾ ಒಪ್ಪಂದದ ಹಣ ಅದರಿಂದಲೇ ಹುಟ್ಟಿತು. ಕಳೆದ ವಾರ ಹೋದಾಗ ಲಾಗ್ ಬುಕ್ ತಿರುವಿ ನೋಡಿದೆ. ಹೊರಗಿನ ಕಾಲೇಜುಗಳ ಮಕ್ಕಳ ಸಹಿಗಳೇ ಪುಟದ ತುಂಬ ಇದ್ದವು. ಆಪರೇಟರ್ ಯಂತ್ರವನ್ನು ತಂಪಾಗಿಡುವ ಚಿಲ್ಲರ್‌ನ ಉಷ್ಣಾಂಶ ಬರೆದುಕೊಳ್ಳುತ್ತ, ‘ಸರ್, ನನ್ನ ಆದೇಶ ಮಾರ್ಚ್‌ಗೆ ಮುಗಿಯುತ್ತದೆ’ ಎಂದರು. ಕುಲಸಚಿವರು ಸಹಿ ಹಾಕಿದ್ದ ಆ ಹಳೆಯ ಪತ್ರವನ್ನು ಲಗತ್ತಿಸಿ ಮುಂದುವರಿಕೆಯ ಕಡತವನ್ನು ಮರುದಿನವೇ ಹಣಕಾಸು ಅಧಿಕಾರಿಗಳಿಗೆ ಕಳುಹಿಸಿದ್ದೇನೆ. ನಾಳೆ ಬೆಳಗ್ಗೆ ಹೋಗಿ ಖುದ್ದಾಗಿ ಕೇಳಬೇಕು.