ನಲವತ್ತೈದನೇ ದಿನದ ಇಂಜೆಕ್ಷನ್ ಜೊತೆ ಕಿಡ್ನಿ ಸ್ಕ್ಯಾನ್: ನನ್ನ ಅನುಭವ

ನಮ್ಮದು ತಾಲ್ಲೂಕು ಊರಿನ ಸಣ್ಣ ಸ್ಕ್ಯಾನಿಂಗ್ ಸೆಂಟರ್. ಹೊಟ್ಟೆಯಲ್ಲಿದ್ದಾಗಲೇ ಕಿಡ್ನಿ ಊದಿದ ಮಗುವನ್ನು ಹುಟ್ಟಿದ ಮೇಲೆ ಮತ್ತೆ ನೋಡಬೇಕು. ಇದು ನಮ್ಮವರಿಗೆಲ್ಲ ಗೊತ್ತು. ಆದರೆ ಕರೆದರೆ ಬರಬೇಕಲ್ಲ!

ಮೊದಲ ಪೆಟ್ಟು ತಿಂದವನು ನಾನೇ. ಎಂಟನೇ ತಿಂಗಳಲ್ಲಿ ಕಿಡ್ನಿಯ ಪೆಲ್ವಿಸ್ (ಉಚ್ಚೆ ಬಂದು ಸೇರುವ ಚೀಲ) 10 ಮಿ.ಮೀ. ಇದ್ದ ಮಗು. ಹುಟ್ಟಿದ ಮರುದಿನ ನೋಡಿದೆ, 4 ಕೂಡ ಇರಲಿಲ್ಲ. 'ಸರಿಹೋಗಿದೆ' ಅಂದುಬಿಟ್ಟೆ. ಮೊದಲೆರಡು ದಿನ ಮಗುವಿಗೆ ಉಚ್ಚೆಯೇ ಕಮ್ಮಿ, ಊತ ಅಡಗಿರುತ್ತದೆ. ಓದಿದ್ದೆ, ಅವತ್ತು ತಲೆಗೆ ಬರಲಿಲ್ಲ. ಮೂರು ತಿಂಗಳಿಗೆ ಜ್ವರ, ಉಚ್ಚೆಯಲ್ಲಿ ಕೀವು. ಆಗ 17-18 ಮಿ.ಮೀ.

ಆಮೇಲೆ 48 ಗಂಟೆ ಕಳೆಯದೆ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನಿನ ಹಿಡಿ) ಮುಟ್ಟುತ್ತಿರಲಿಲ್ಲ. ಒಂದೂವರೆ ತಿಂಗಳ ಹೊತ್ತಿನ ಎರಡನೇ ಸ್ಕ್ಯಾನಿಗೆ ಮಾತ್ರ ಹತ್ತರಲ್ಲಿ ಮೂವರು ಬಂದರೆ ಹೆಚ್ಚು. ಬಾಣಂತಿ ತವರಿನಲ್ಲಿ, ಅಜ್ಜಿ ಹೊಸ್ತಿಲು ದಾಟಲು ಬಿಡುವುದಿಲ್ಲ. ಮಷೀನನ್ನೇ ಮನೆಗೆ ಒಯ್ಯೋಣ ಅಂದರೆ, ಹೊಟ್ಟೆಯ ಮಗು ಗಂಡೋ ಹೆಣ್ಣೋ ಪತ್ತೆ ಮಾಡುವುದನ್ನು ತಡೆಯುವ ಪಿಎನ್‌ಡಿಟಿ ಕಾಯ್ದೆ ಬಿಡುವುದಿಲ್ಲ.

ನಲವತ್ತೈದು ದಿನದ ಇಂಜೆಕ್ಷನ್ ಮಾತ್ರ ಯಾವ ಅಜ್ಜಿಯೂ ತಪ್ಪಿಸುವುದಿಲ್ಲ. ತಾಯಿ ಕಾರ್ಡಿನಲ್ಲಿ ಆ ತಾರೀಖಿನ ಪಕ್ಕ ಕೆಂಪು ಪೆನ್ನಿನಲ್ಲಿ 'ಕಿಡ್ನಿ' ಅಂತ ಬರೆದೆ. ಎರಡನೇ ಸ್ಕ್ಯಾನ್ ಪುಕ್ಕಟೆ ಮಾಡಿದೆ. "ಬಿಟ್ಟಿ ಮಾಡಿದರೆ ಮಷೀನಿನ ಕಂತು ಯಾರು ಕಟ್ತಾರೆ ಡಾಕ್ಟ್ರೇ?" ಅಂತ ಗೆಳೆಯರು ನಕ್ಕರು. ಪುಟ್ಟ ಮಗುವಿನ ಮೈಗೆ ಹೊಂದುವ ಸೆಕೆಂಡ್ ಹ್ಯಾಂಡ್ ಲೀನಿಯರ್ (ಚಪ್ಪಟೆ ಮುಖದ) ಪ್ರೋಬಿಗೆ ಒಂದೂವರೆ ಲಕ್ಷ, ಮೊದಲ ವರ್ಷ ನಲವತ್ತು ಸಾವಿರದಷ್ಟು ಫೀಸು ಕೈಬಿಟ್ಟುಹೋಯಿತು. ಈಗ ಹತ್ತರಲ್ಲಿ ಎಂಟು ಮಕ್ಕಳು ಬರುತ್ತವೆ. ನಕ್ಕವರೂ ಕಳಿಸುತ್ತಾರೆ!

ಗಂಡು ಮಗು, ಎರಡೂ ಕಡೆ ಊತ, ಬ್ಲಾಡರ್ (ಮೂತ್ರಕೋಶ) ಗೋಡೆ ದಪ್ಪ ಅಂದರೆ ಈ ಕಾಯುವ ಲೆಕ್ಕವೆಲ್ಲ ಇಲ್ಲ. ಉಚ್ಚೆಯ ದಾರಿಗೆ ಅಡ್ಡವಾಗಿ ವಾಲ್ವ್ (ಹುಟ್ಟಿನಿಂದ ಬಂದ ಪೊರೆ) ಇರಬಹುದು, ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

ಜೆಲ್ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಡುತ್ತೇನೆ. ತಣ್ಣಗಿದ್ದರೆ ಶರ್ಟಿಗೇ ಅಭಿಷೇಕ. ಮಗುವನ್ನು ಅಜ್ಜಿಯ ಹೆಗಲಿಗೆ ಹಾಕಿಸಿ ಬೆನ್ನಿನಿಂದ ನೋಡಿದರೆ ಎರಡೂ ಕಿಡ್ನಿ ಚೆನ್ನಾಗಿ ಸಿಗುತ್ತವೆ. ಅಳು ನಿಲ್ಲಿಸಲು ಇನ್ನೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಒಮ್ಮೆ ಎಡಗಡೆ ಉದ್ದಕ್ಕೆ ಮಲಗಿದ ಅಡ್ರಿನಲ್ಲನ್ನೇ (ಕಿಡ್ನಿಯ ಮೇಲೆ ಕೂರುವ ಗ್ರಂಥಿ) ಕಿಡ್ನಿ ಅಂತ ಬರೆಯುವವನಿದ್ದೆ. ಸುಮ್ನೆ ಕೆಳಗೆ ಇಳಿಸಿ ನೋಡಿದೆ. ನಿಜವಾದದ್ದು ಬ್ಲಾಡರಿನ ಪಕ್ಕದಲ್ಲಿ ಕೂತಿತ್ತು. ಅಂದಿನಿಂದ ಜಾಗ ಖಾಲಿ ಕಂಡರೆ ಬ್ಲಾಡರಿನ ತನಕ ಹುಡುಕದೆ ಸಹಿ ಹಾಕುವುದಿಲ್ಲ.