ಮಾತ್ರೆಗೆ ಬಗ್ಗದ ಬಿಪಿಯ ಮೂಲ ಹುಡುಕಿದ್ದು

ನಾಲ್ಕು ಬಗೆಯ ಮಾತ್ರೆಗೂ ಬಗ್ಗದೆ 170/110ರ ಆಸುಪಾಸಿನಲ್ಲಿ ನಿಂತಿದ್ದ ನನ್ನ ಬಿಪಿ ಈಗ 125/80ರ ಸುತ್ತ ಇದೆ. "ತಂದೆಗೆ ಇತ್ತು, ನಿಮಗೂ ಬಂದಿದೆ, ಕಾರಣ ಹುಡುಕಿ ಏನು ಪ್ರಯೋಜನ?" ಎಂದ ವೈದ್ಯರು ಒಬ್ಬಿಬ್ಬರಲ್ಲ. ಆದರೆ ತಂದೆ ನಲವತ್ತು ತುಂಬುವ ಮೊದಲೇ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡವರು. ನನಗೆ ಬಿಪಿ ಪತ್ತೆಯಾದದ್ದು ಕಾಲೇಜಿನ ವಯಸ್ಸಿನಲ್ಲಿ. ಹಾಗಾಗಿ ಹಟ ಹಿಡಿದೆ.

ನನ್ನ ಅನುಮಾನ ಆಲ್ಡೋಸ್ಟಿರೋನ್ ಮೇಲಿತ್ತು. ಇದು ದೇಹದಲ್ಲಿ ಉಪ್ಪು ಉಳಿಸಿ ಪೊಟ್ಯಾಸಿಯಂ ಹೊರಹಾಕುವ, ಅಡ್ರಿನಲ್ ಗ್ರಂಥಿಯ ಹಾರ್ಮೋನು; ಅದನ್ನು ಪ್ರಚೋದಿಸುವುದು ಮೂತ್ರಪಿಂಡದ ರೆನಿನ್. ಎರಡರ ಅನುಪಾತ ನೋಡೋಣವೆಂದರೆ, ತಜ್ಞರೊಬ್ಬರು ನಕ್ಕು, ಪೊಟ್ಯಾಸಿಯಂ ಸರಿಯಿದೆ, ಅದು ದಂಡದ ಖರ್ಚು ಎಂದರು. ಪೊಟ್ಯಾಸಿಯಂ ಇಳಿಯದೆಯೂ ಆಲ್ಡೋಸ್ಟಿರೋನ್ ಅತಿಯಾಗುವ ಕಾಯಿಲೆ ಇರಬಹುದು. ಮೊದಲ ವರದಿ ನಾರ್ಮಲ್ ಬಂತು. ಆಗ ನಾನು ಬಿಪಿಗೆ ಲೊಸಾರ್ಟಾನ್ ತೆಗೆದುಕೊಳ್ಳುತ್ತಿದ್ದೆ. ಅದು ರೆನಿನ್ ಏರಿಸಿ ಅನುಪಾತವನ್ನು ತಗ್ಗಿಸುತ್ತದೆ, ಬೀಟಾ ಬ್ಲಾಕರ್‌ನದು ಇದರ ತದ್ವಿರುದ್ಧ. ವೈದ್ಯರ ನಿಗಾದಲ್ಲಿ, ಅನುಪಾತವನ್ನು ಅಷ್ಟಾಗಿ ಕೆಡಿಸದ ವೆರಪಾಮಿಲ್, ಡಾಕ್ಸಜೋಸಿನ್‌ಗೆ ಬದಲಾಯಿಸಿಕೊಂಡು ಕೆಲವು ವಾರ ಕಾದು ಮತ್ತೆ ರಕ್ತ ಕೊಟ್ಟೆ. ಸಿಬ್ಬಂದಿ ಟ್ಯೂಬನ್ನು ನೇರ ಮಂಜುಗಡ್ಡೆಯ ಡಬ್ಬಿಗೆ ಇಳಿಸಿದರು! ತಂಪಿನಲ್ಲಿ ರೆನಿನ್‌ನ ನಿಷ್ಕ್ರಿಯ ರೂಪವಾದ ಪ್ರೋರೆನಿನ್ ಸಕ್ರಿಯಗೊಂಡು ರೆನಿನ್ ಲೆಕ್ಕ ಹೆಚ್ಚುತ್ತದೆ. ಆ ಹಣವೂ ಹೋಯಿತು. ಮುಂದಿನ ಸಲ ಪಕ್ಕದಲ್ಲೇ ನಿಂತು ಕೋಣೆಯ ಉಷ್ಣತೆಯಲ್ಲಿ ಇಡಿಸಿದೆ. ರೆನಿನ್ ನೆಲ ಕಚ್ಚಿತ್ತು. 30 ದಾಟಿದರೆ ಅನುಮಾನಿಸುವ ಕಡೆ ನನ್ನ ಅನುಪಾತ 60ರ ಮೇಲಿತ್ತು. ಸಲೈನ್ ಏರಿಸಿ ಆಲ್ಡೋಸ್ಟಿರೋನ್ ತಗ್ಗುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಅದನ್ನೇ ಹೇಳಿತು. ಸಿಟಿ ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗ್ರಂಥಿಗಳು ಸ್ವಚ್ಛ, ಗಡ್ಡೆಯಿಲ್ಲ. ಹಾಗಾಗಿ ವಂಶದ ಜೀನ್ ದೋಷವೇ ಇರಬೇಕೆನಿಸಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಜೀನ್ ಪರೀಕ್ಷೆಯದು. ನೂರಾರು ಜೀನ್‌ಗಳ ಪ್ಯಾನೆಲ್‌ಗೆ ಸುಮಾರು ಎರಡು ವರ್ಷದ ಮಾತ್ರೆಯ ಖರ್ಚಿನಷ್ಟು ತೆತ್ತೆ. ಏನೂ ಸಿಗಲಿಲ್ಲ. ಮನೆಯವರೂ "ಇನ್ನು ಸಾಕು" ಎಂದರು. ನಾನು ಅನುಮಾನಿಸಿದ್ದ ದೋಷ ಒಂದು ಅಕ್ಷರದ ಬದಲಾವಣೆಯಲ್ಲ: 8ನೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಇರುವ, ಅವಳಿಗಳಂತಹ ಸಿವೈಪಿ11ಬಿ1 ಮತ್ತು ಸಿವೈಪಿ11ಬಿ2 ಬೆಸೆದು ಹುಟ್ಟಿದ ಮಿಶ್ರ ಜೀನ್. 1992ರಲ್ಲೇ ಇದನ್ನು ಗುರುತಿಸಲಾಗಿದೆ. ಸಾಮಾನ್ಯ ಪ್ಯಾನೆಲ್ ಇದನ್ನು ತಪ್ಪಿಸಿಕೊಳ್ಳಬಹುದು. ಡಿಎನ್‌ಎಯ ಉದ್ದನೆಯ ತುಣುಕನ್ನೇ ನಕಲು ಮಾಡಿ ನೋಡುವ ಲಾಂಗ್ ಪಿಸಿಆರ್ ಬೇಕು. ಅದು ಪ್ಯಾನೆಲ್‌ನ ಕಾಲು ಭಾಗದ ದರಕ್ಕೇ ಆಯಿತು. ಪಾಸಿಟಿವ್! ವರದಿ ಹಿಡಿದು, ನಕ್ಕಿದ್ದ ತಜ್ಞರ ಮುಂದೆಯೇ ಕುಳಿತೆ. ಅವರು ಎರಡು ಸಲ ಓದಿದರು.

ಈ ಜೀನ್ ಇದ್ದರೆ ಆಲ್ಡೋಸ್ಟಿರೋನ್, ಪಿಟ್ಯುಟರಿ ಗ್ರಂಥಿಯ ಹಾರ್ಮೋನಾದ ಎಸಿಟಿಎಚ್‌ನ ಹಿಡಿತಕ್ಕೆ ಬೀಳುತ್ತದೆ. ಆದ್ದರಿಂದ ಮಲಗುವ ಮುನ್ನ, ಎಸಿಟಿಎಚ್ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್, ಅತಿ ಕಡಿಮೆ ಪ್ರಮಾಣದಲ್ಲಿ. ನನ್ನ ಡೋಸ್ ಬರೆಯುವುದಿಲ್ಲ. ಸ್ಟೀರಾಯ್ಡ್ ವಿಷಯದಲ್ಲಿ ನಕಲು ಬೇಡ. ಲ್ಯಾಬನ್ನು ಲಾಂಗ್ ಪಿಸಿಆರ್‌ಗೆ ಒಪ್ಪಿಸಿದ ದಾರಿಯೂ ಸದ್ಯಕ್ಕೆ ನನ್ನಲ್ಲೇ ಇರಲಿ. ಕೆಲವೇ ವಾರಗಳಲ್ಲಿ ಮೂರು ಮಾತ್ರೆ ನಿಂತವು.

ನಡುವೆ ಉಪ್ಪಿನ ಪ್ರಯೋಗವನ್ನೂ ಮಾಡಿದೆ. ಉಪ್ಪು ಅರ್ಧಕ್ಕಿಳಿಸಿದ ವಾರ ಮೇಲಿನ ಅಂಕಿ ಹದಿನೈದರಷ್ಟು ಇಳಿಯಿತು. ಜ್ಯೇಷ್ಠಮಧುವನ್ನು ಮಾತ್ರ ಪ್ರಯೋಗಕ್ಕೂ ಮುಟ್ಟಲಿಲ್ಲ: ಅದು ಕಾರ್ಟಿಸೋಲ್ ಒಡೆಯುವ ಕಿಣ್ವವನ್ನು ತಡೆದು, ಆಲ್ಡೋಸ್ಟಿರೋನ್ ಹೆಚ್ಚಿದಂತೆಯೇ ಬಿಪಿ ಏರಿಸುತ್ತದೆ. ಕೆಮ್ಮಿನ ಔಷಧಗಳ ಲೇಬಲ್ ಓದಿ.

ಮಕ್ಕಳಿಗೆ ಹರಿಯುವ ಸಾಧ್ಯತೆ ಶೇ. 50. ಅಕ್ಕನ ಹದಿಹರೆಯದ ಮಗನಲ್ಲೂ ಸಿಕ್ಕಿದೆ. ಈ ದೋಷವಿದ್ದವರಲ್ಲಿ ಮೆದುಳಿನ ರಕ್ತನಾಳ ಊದುವ ಅಪಾಯ ಹೆಚ್ಚಾದ್ದರಿಂದ ಅವನಿಗೂ ನನಗೂ ಮೆದುಳಿನ ರಕ್ತನಾಳಗಳನ್ನು ನೋಡುವ ಎಂಆರ್ ಆಂಜಿಯೋಗ್ರಾಂ ಸ್ಕ್ಯಾನ್ ಮಾಡಿಸಿದ್ದೇವೆ. ಇಬ್ಬರದೂ ಸರಿಯಿದೆ, ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು.